ಬೂಷ್ಟಿನ ಬೆನ್ನಟ್ಟಿ

2021ರ ಮೇ. ಲಾಕ್‌ಡೌನ್. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಕಿರಾಣಿ, ತರಕಾರಿ; ಆಮೇಲೆ ಷಟರ್ ಕೆಳಗೆ. ದೇಶದ ಮೊದಲ ಕೋವಿಡ್ ಸಾವನ್ನು 2020ರ ಮಾರ್ಚ್ 10ರಂದು ಕಂಡ ಊರು ಇದು. ಎರಡನೇ ಅಲೆಯನ್ನು ಹೇಗೋ ಈಜಿ ದಾಟಿದವರು ಮನೆ ಸೇರುತ್ತಿದ್ದರು. ಜ್ವರ ಇಳಿದಿತ್ತು. ಉಸಿರು ಹಿಡಿತಕ್ಕೆ ಬಂದಿತ್ತು. ಗೆದ್ದೆವು ಅನ್ನುವಷ್ಟರಲ್ಲಿ ಕೆಲವರ ಕೆನ್ನೆ ಜೋಮು ಹಿಡಿಯಿತು.

ಮೂಗು ಕಟ್ಟಿತು. ಹಲ್ಲು ಅಲುಗಾಡಿತು. ರೆಪ್ಪೆ ಬಾತು ಜೋತುಬಿತ್ತು. ಬೆಳಗಾಗುವಷ್ಟರಲ್ಲಿ ಒಂದು ಕಣ್ಣು ಕತ್ತಲೆ.

ವೈರಿಯ ಹೆಸರು ರೈಜೋಪಸ್. ಹಳಸಿದ ಬ್ರೆಡ್ಡಿನ ಮೇಲೆ ಏಳುವ ಬೂಷ್ಟಿನ ಕುಲ. ಇದರ ಕಣ ನಮ್ಮೆಲ್ಲರ ಮೂಗಿಗೂ ಹೋಗುತ್ತದೆ, ಬರುತ್ತದೆ, ಏನೂ ಆಗುವುದಿಲ್ಲ. ಆದರೆ ಸಕ್ಕರೆ ಏರಿ, ಸ್ಟಿರಾಯ್ಡ್‌ನಿಂದ ದೇಹದ ಕಾವಲು ಸಡಿಲಾಗಿ, ರಕ್ತ ಹುಳಿಯಾಯಿತೋ, ಕೆಟ್ಟಿತು. ಹುಳಿಯಾದ ರಕ್ತದಲ್ಲಿ ಕಬ್ಬಿಣ ಬಿಡಿಯಾಗುತ್ತದೆ. ಬೂಷ್ಟು ಅದನ್ನೇ ಉಂಡು ಕೊಬ್ಬುತ್ತದೆ. ಸೈನಸ್ ಹೊಗುತ್ತದೆ. ಕಾಗದದಷ್ಟು ತೆಳ್ಳಗಿನ ಎಲುಬು ದಾಟಿ ಕಣ್ಣಿನ ಗೂಡಿಗೆ ಇಳಿಯುತ್ತದೆ. ರಕ್ತನಾಳದ ಗೋಡೆ ಕೊರೆದು ಒಳಗೆ ಹೆಪ್ಪುಗಟ್ಟಿಸುತ್ತದೆ. ರಕ್ತ ನಿಂತ ರೆಟಿನಾ ನಾಲ್ಕು ಗಂಟೆ ತಾಳುವುದೂ ಕಷ್ಟ. ಕಣ್ಣಿನ ಹಿಂದಿನ ನಿಲ್ದಾಣ? ಮೆದುಳು!

ಆ ತಿಂಗಳು ರಾಜ್ಯ ಸರ್ಕಾರ ಕಪ್ಪು ಶಿಲೀಂಧ್ರ ಎಂದು ಹೆಸರಾದ ಈ ರೋಗದ ಪ್ರಾದೇಶಿಕ ಚಿಕಿತ್ಸಾ ಕೇಂದ್ರಗಳನ್ನು ಗುರುತಿಸಿತು. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳ ಜೊತೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಹೆಸರೂ ಬಂತು. ಸ್ಟೇಶನ್ ಬಜಾರದವರಿಗೆ ಆಸ್ಪತ್ರೆ ಊರೊಳಗೇ. ಕಮಲಾಪುರದವರಿಗೆ? ಕೆಂಪು ಬಾಳೆಯ ತೋಟದ ಒಬ್ಬ ರೈತನನ್ನು ಊಹಿಸಿಕೊಳ್ಳಿ. ತೂಕ 60 ಕಿಲೋ, ಹತ್ತು ವರ್ಷದ ಸಕ್ಕರೆ ಕಾಯಿಲೆ, ಬಾತ ಎಡಗಣ್ಣು. ಬಸ್ಸಿಲ್ಲ. 108ಕ್ಕೆ ಫೋನು. ಹುಮನಾಬಾದ ರಸ್ತೆಯಲ್ಲಿ 35–40 ಕಿ.ಮೀ. ಹೊರಗೆ ಸುಡುಬಿಸಿಲು, ಒಳಗೆ ಓಡುವ ಗಡಿಯಾರ.

ತುರ್ತು ಘಟಕ. ಪಿಪಿಇ ಕಿಟ್ಟಿನೊಳಗೆ ಬೆವರಲ್ಲಿ ತೊಯ್ದ ಡ್ಯೂಟಿ ಡಾಕ್ಟರ್ ಬಾಗುತ್ತಾರೆ.

"ಬೆರಳು ಎಷ್ಟ ಅವ ಹೇಳ್ರಿ?"

"ಏನೂ ಕಾಣವಲ್ದ್ರೀ ಸಾಹೇಬ್ರ."

ಕೈ ಆಡಿಸುತ್ತಾರೆ. ಇಲ್ಲ. ಟಾರ್ಚ್ ಹಿಡಿಯುತ್ತಾರೆ. ಬಲಗಣ್ಣಿಗೆ ಬೆಳಕು ಬಿದ್ದರೆ ಎರಡೂ ಪಾಪೆ ಕುಗ್ಗುತ್ತವೆ. ಅದೇ ಬೆಳಕು ಎಡಕ್ಕೆ ಹೊರಳಿದೊಡನೆ ಪಾಪೆ ಕುಗ್ಗುವ ಬದಲು ಅಗಲವಾಗುತ್ತದೆ! ಎಡಗಣ್ಣಿನ ಸುದ್ದಿ ಮೆದುಳಿಗೆ ತಲುಪುತ್ತಿಲ್ಲ. ಅಂಗೈಯಗಲದ ಒಂದು ಟಾರ್ಚ್ ಅರ್ಧ ನಿಮಿಷದಲ್ಲಿ ಇಷ್ಟು ಹೇಳಿತು. ಈ ಪರೀಕ್ಷೆಯಷ್ಟು ಅಗ್ಗದ, ಇದರಷ್ಟು ಚುರುಕಾದ ಅಸ್ತ್ರ ನೇತ್ರವೈದ್ಯದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಈಗ ಟಾರ್ಚ್ ಬಾಯಿಗೆ, ಮೂಗಿಗೆ. ಅಂಗುಳಲ್ಲಿ ಕಪ್ಪು ಕಲೆ.

ಬೆರಳು ಚುಚ್ಚಿದರು, ಸಕ್ಕರೆ 400 ದಾಟಿದೆ. ಮೂತ್ರದಲ್ಲಿ ಕೀಟೋನ್, ರಕ್ತ ಹುಳಿಯಾದ ಸುಳಿವು. ಮೂಗಿನಿಂದ ಕೆರೆದ ತುಣುಕು ಗಾಜಿನ ಮೇಲೆ ಬಿತ್ತು, ಮೇಲೊಂದು ಹನಿ ಪೊಟ್ಯಾಶಿಯಂ ಹೈಡ್ರಾಕ್ಸೈಡ್. ಸೂಕ್ಷ್ಮದರ್ಶಕದಡಿ ಅಗಲವಾದ ಎಳೆಗಳು, ಗಂಟಿಲ್ಲದವು, ಲಂಬಕೋನಕ್ಕೆ ಕವಲೊಡೆದವು. ಸಿಕ್ಕಿಬಿದ್ದ!

ಸಿಕ್ಕ ಕಳ್ಳನನ್ನು ಹೊಡೆಯಲು ಮದ್ದೆಲ್ಲಿ? ಲೈಪೋಸೋಮಲ್ ಆಂಫೋಟೆರಿಸಿನ್-ಬಿ. ಕಿಲೋಗೆ 5 ಮಿ.ಗ್ರಾಂ. 60 ಕಿಲೋ ಆಳಿಗೆ ದಿನಕ್ಕೆ 300. ಒಂದು ವಯಲ್‌ನಲ್ಲಿ 50. ಅಂದರೆ ದಿನಕ್ಕೆ ಆರು ವಯಲ್, ಮೂರು ವಾರಕ್ಕೆ 126, ಒಬ್ಬನಿಗೆ! ದೇಶದಲ್ಲೆಲ್ಲ ಬರ. ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ಯಾವ ರಾಜ್ಯಕ್ಕೆ ಎಷ್ಟು ವಯಲ್ ಎಂದು ಟ್ವೀಟ್ ಮಾಡುತ್ತಿದ್ದ ದಿನಗಳವು.

ಬಂದ ವಯಲ್ ಕೂಡ ಸುಲಭಕ್ಕೆ ಬಗ್ಗದು. ಫ್ರಿಜ್ಜಿನಲ್ಲಿಡಬೇಕು. ಶುದ್ಧ ನೀರು ಹಾಕಿ ಜೋರಾಗಿ ಕುಲುಕಬೇಕು, ಸೋಸಬೇಕು, ಡೆಕ್ಸ್‌ಟ್ರೋಸ್‌ಗೆ ಸೇರಿಸಬೇಕು. ಅಪ್ಪಿತಪ್ಪಿ ಸಲೈನ್‌ಗೆ ಬೆರೆಸಿದರೆ ಔಷಧ ಒಡೆದು ಹಾಳು. ರಾತ್ರಿಪಾಳಿಯಲ್ಲಿ, ನಿದ್ದೆಗೆಟ್ಟು, ಎರಡೆರಡು ಗ್ಲೌಸ್ ತೊಟ್ಟು ಈ ಕೆಲಸ ಮಾಡಿದ ಸಿಸ್ಟರ್‌ಗಳ ಕೈಗೆ ನಾನು ಮುಗಿಯುತ್ತೇನೆ.

ಲೈಪೋಸೋಮಲ್ ಸಿಗದಿದ್ದರೆ ಆಂಫೋಟೆರಿಸಿನ್‌ನ ಹಳೆಯ ಮಾದರಿಯೇ ಗತಿ. ಅದು ಹನಿಹನಿಯಾಗಿ ನಾಲ್ಕಾರು ತಾಸು ಇಳಿಯುತ್ತದೆ. ಹಲ್ಲು ಕಟಕಟಿಸುವ ಚಳಿ. ಕಿಡ್ನಿಗೆ ಪೆಟ್ಟು. ಮೇಲಾಗಿ ರಕ್ತದ ಪೊಟ್ಯಾಶಿಯಂ ಕುಸಿಯುತ್ತದೆ. ಸಕ್ಕರೆ ಇಳಿಸುವ ಇನ್ಸುಲಿನ್ ಕೂಡ ಅದನ್ನೇ ಕೆಳಗೆಳೆಯುತ್ತದೆ. ಎರಡು ಕಡೆಯಿಂದ ಜಗ್ಗಾಟ. ಇನ್ನೂ ಸ್ವಲ್ಪ ಇಳಿದರೆ ಹೃದಯ ಲಯ ತಪ್ಪುತ್ತದೆ.

ಆದರೆ ಔಷಧವೊಂದೇ ಸಾಲದು. ಸತ್ತ ಮಾಂಸಕ್ಕೆ ರಕ್ತ ಹೋಗದು, ರಕ್ತ ಹೋಗದಲ್ಲಿಗೆ ಮದ್ದೂ ಹೋಗದು. ಹಾಗಾಗಿ ಕತ್ತಿ. ಕಿವಿ-ಮೂಗು-ಗಂಟಲಿನ ಸರ್ಜನ್ ಎಂಡೋಸ್ಕೋಪ್ ತೂರಿಸಿ ಕಪ್ಪಾದದ್ದನ್ನೆಲ್ಲ ಕೀಳುತ್ತಾರೆ, ಕೆಂಪು ರಕ್ತ ಜಿನುಗುವವರೆಗೆ. ಕಣ್ಣುಗುಡ್ಡೆಯ ಹಿಂದೆ ಆಂಫೋಟೆರಿಸಿನ್ ಸೂಜಿ: ಒಂದೇ ಮಿ.ಲೀ., ಅದರಲ್ಲಿ 3.5 ಮಿ.ಗ್ರಾಂ. ಬೆಳಿಗ್ಗೆ ಎಂಆರ್‌ಐ.

ಬೂಷ್ಟು ಕಣ್ಣಿನ ಗೂಡಿನ ತುದಿಗೆ ಬಂದಿದೆ. ಮುಂದಿನ ಹೆಜ್ಜೆ ಮೆದುಳಿನೊಳಕ್ಕೆ.

ಇಲ್ಲಿ ನೇತ್ರತಜ್ಞರು ಮನೆಯವರನ್ನು ಕೂರಿಸಿ ಮಾತಾಡಬೇಕು. ಗುಡ್ಡೆ, ಸ್ನಾಯು, ಕೊಬ್ಬು, ಎಲ್ಲವನ್ನೂ ತೆಗೆದುಹಾಕಬೇಕು. ಕಣ್ಣು ಉಳಿಸಲು ಓದಿದವರು ಕಣ್ಣು ಕೀಳಲು ಸಹಿ ಕೇಳುವ ಗಳಿಗೆ. ಈ ಇಡೀ ಓಟದಲ್ಲಿ ಇದಕ್ಕಿಂತ ದೊಡ್ಡ ಎದೆಗಾರಿಕೆ ನನಗೆ ಕಾಣದು. ಆ ಸಹಿಗೆ ಹೆಬ್ಬೆಟ್ಟೊತ್ತಿದ ಮನೆಯವರ ಎದೆಗಾರಿಕೆಯೂ ಅಷ್ಟೇ ದೊಡ್ಡದು.

ಬದುಕಿದವನ ಓಟ ಮುಂದುವರಿಯುತ್ತದೆ. ಪೊಸಕೊನಜೋಲ್ 300 ಮಿ.ಗ್ರಾಂ, ಮೊದಲ ದಿನ ಎರಡು ಹೊತ್ತು, ಆಮೇಲೆ ದಿನಕ್ಕೊಮ್ಮೆ, ತಿಂಗಳುಗಟ್ಟಲೆ. ಸಕ್ಕರೆ ಹಿಡಿತದಲ್ಲಿರಬೇಕು. ಡಾಕ್ಟರ್ ಕರೆದಾಗಲೆಲ್ಲ ಕಮಲಾಪುರದಿಂದ ಅದೇ ಹುಮನಾಬಾದ ರಸ್ತೆ ಹಿಡಿದು ಬಂದು, ಎಂಡೋಸ್ಕೋಪಿಗೆ ಮೂಗು ಒಡ್ಡಿ, ಕಪ್ಪು ಮರಳಿಲ್ಲವೆಂದು ಖಾತ್ರಿ ಮಾಡಿಕೊಂಡೇ ಊರಿಗೆ ಹೊರಡಬೇಕು.