ಇಲ್ಲದ ಬ್ರೇಕು

ಕಾರಿನಲ್ಲಿ ಚಾಲಕನ ಪಕ್ಕ ಕುಳಿತವರಿಗೆ ಒಂದು ಅಭ್ಯಾಸವುಂಟು. ಮುಂದೆ ತಿರುವೊಂದು ಕಂಡರೆ ಸಾಕು, ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕಿಲ್ಲವೆಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ರಾಮಕುಂಜದ ನಿವೃತ್ತ ಮಾಸ್ತರರೊಬ್ಬರ ಕಾಲು ಹೀಗೆ ಇಲ್ಲದ ಬ್ರೇಕನ್ನು ಒತ್ತಿದ್ದು ಒಂದೇ ಕ್ಷಣ. ಅದರ ಸಾಲವನ್ನು ಮಾತ್ರ ಇನ್ನೂ ತೀರಿಸುತ್ತಲೇ ಇದೆ.

2019ರ ಡಿಸೆಂಬರಿನ ಒಂದು ರಾತ್ರಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ತಂದೆಯನ್ನು ಊರಿಗೆ ಕರೆತರುತ್ತಿದ್ದ. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟಿದ್ದಾಯಿತು. ಉಪ್ಪಿನಂಗಡಿ ತಲುಪಿದರೆ ಮನೆ ತಲುಪಿದಂತೆಯೇ. ಅಷ್ಟರಲ್ಲಿ ದಾರಿಗಡ್ಡವಾಗಿ ಒಂದು ದನ ಬಂದಿತು. ಮಗ ಬ್ರೇಕು ಹಾಕಿದ; ದನ ಉಳಿಯಿತು. ಹಿಂದೆ ಬರುತ್ತಿದ್ದ ಲಾರಿಗೆ ಅಷ್ಟು ಬೇಗ ನಿಲ್ಲಲಾಗಲಿಲ್ಲ. ಕಾರು ಮುಂದಕ್ಕೆ ಚಿಮ್ಮಿ, ರಸ್ತೆಯಂಚಿನ ದರೆಗೆ ಮೂತಿಯೂರಿ ನಿಂತಿತು.

ಮಗನ ಮೈಗೆ ಒಂದು ತರಚುಗಾಯವಷ್ಟೆ. ಆಸ್ಪತ್ರೆಯಲ್ಲಿ ಮಾಸ್ತರರ ಎಕ್ಸ್‌ರೇ ತೆಗೆದು, ಎಲುಬೆಲ್ಲ ಸರಿಯಾಗಿದೆ, ಪಾದ ಉಳುಕಿರಬೇಕು ಎಂದರು. ನೋಡಲು ಬಂದವರೆಲ್ಲ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ಹಾರೈಸಿ, ಕಾಫಿ ಕುಡಿದು ಹೋದರು.

ನೋವು ಬಂದದ್ದು ಮರುದಿನ. ಕುತ್ತಿಗೆ ತಿರುಗಲೊಲ್ಲದು, ಬೆನ್ನು ಬಾಗಲೊಲ್ಲದು, ಪಾದ ನೆಲ ಮುಟ್ಟಲೊಲ್ಲದು. ಮನುಷ್ಯನ ತಲೆಯೆಂಬುದು ನಾಲ್ಕೈದು ಕಿಲೋ ತೂಕದ ಹೊರೆ. ಹಿಂದಿನಿಂದ ಪೆಟ್ಟು ಬಿದ್ದಾಗ ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲಿಯೇ ಉಳಿಯುತ್ತದೆ; ಈ ಎರಡರ ನಡುವಿನ ಜಗ್ಗಾಟವನ್ನೆಲ್ಲ ಕುತ್ತಿಗೆ ಅನುಭವಿಸಬೇಕು. ಸೀಟಿನ ತಲೆಯೊರಗು ನೆತ್ತಿಯ ಮಟ್ಟಕ್ಕಿದ್ದರೆ ತಲೆಗೆ ಆಸರೆ ಸಿಗುತ್ತದೆ. ಮಾಸ್ತರರದು ಭುಜದ ಮಟ್ಟಕ್ಕಿಳಿದಿತ್ತು. ಅದನ್ನು ಮೇಲೆತ್ತಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ.

1928ರಲ್ಲಿ ಅಮೆರಿಕದ ವೈದ್ಯ ಹೆರಾಲ್ಡ್ ಕ್ರೋ ಈ ಪೆಟ್ಟನ್ನು ಚಾಟಿಯೇಟಿಗೆ ಹೋಲಿಸಿ ವಿಪ್‌ಲ್ಯಾಶ್ ಎಂದರು. ಅವರು ಹೆಸರಿಟ್ಟದ್ದು ಕುತ್ತಿಗೆಯ ಚಲನೆಗೆ. ಲೋಕ ಅದನ್ನು ರೋಗದ ಹೆಸರಾಗಿಸಿಕೊಂಡಿತು. ಎಕ್ಸ್‌ರೇಗೆ ಕಾಣುವುದು ಎಲುಬು. ಜಗ್ಗಿದ ಸ್ನಾಯು, ಹಿಗ್ಗಿದ ಕಟ್ಟು ಅದಕ್ಕೆ ಕಾಣಿಸವು. ಹೀಗೆ ಪೆಟ್ಟು ತಿಂದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ವರ್ಷ ಕಳೆದರೂ ಕುತ್ತಿಗೆನೋವು ಉಳಿದಿರುತ್ತದೆಂದು 2008ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಳಿಯೊಂದು ಹೇಳಿದೆ. ಆದರೆ ಬ್ಯಾಂಡೇಜಿಲ್ಲದ ನೋವನ್ನು ನಂಬುವವರಾರು?

ಸಲಹೆಗಳಿಗೇನೂ ಕೊರತೆಯಿರಲಿಲ್ಲ. ಒಬ್ಬರು ಧಾನ್ವಂತರ ತೈಲ ಹಚ್ಚಿರೆಂದರು. ಇನ್ನೊಬ್ಬರು ಹಲಗೆಯ ಮೇಲೆ ಮಲಗಿರೆಂದರು. ಮತ್ತೊಬ್ಬರು ಅಲುಗಾಡಲೇಬೇಡಿರೆಂದು ತಮ್ಮ ಮನೆಯ ಹಳೆಯ ಕುತ್ತಿಗೆಪಟ್ಟಿಯನ್ನೇ ತಂದುಕೊಟ್ಟರು. ಕುತ್ತಿಗೆಯನ್ನು ಬಹುಕಾಲ ಪಟ್ಟಿಯಲ್ಲಿ ಬಿಗಿದಿಟ್ಟರೆ ಅದು ಮತ್ತಷ್ಟು ಪೆಡಸಾಗುವುದೆಂದೂ, ಮೆಲ್ಲಮೆಲ್ಲನೆ ಆಡಿಸುವುದೇ ಮೇಲೆಂದೂ 1995ರಷ್ಟು ಹಿಂದೆಯೇ ಕೆನಡಾದ ಕ್ವಿಬೆಕ್ಕಿನ ತಜ್ಞರು ಹೇಳಿದ್ದರು. ಆ ಮಾತು ರಾಮಕುಂಜದ ಆ ಜಗಲಿಯನ್ನು ಇನ್ನೂ ಮುಟ್ಟಿರಲಿಲ್ಲ.

ಮಾಸ್ತರರು ಅನುಭವಿ ಅರ್ಥಧಾರಿಗಳು. ತಾಳಮದ್ದಲೆಯಲ್ಲಿ ಕೃಷ್ಣನಾಗಿ ಕುಳಿತರೆ ಮೂರು ತಾಸು ಕದಲುತ್ತಿರಲಿಲ್ಲ. ಈಗ ಅರ್ಧ ತಾಸು ಚಕ್ಕಳಮಕ್ಕಳ ಹಾಕಿದರೆ ಬೆನ್ನಿಗೆ ಬೆಂಕಿ ಹತ್ತಿದಂತಾಗುತ್ತಿತ್ತು. ಕರೆ ಬಂದಾಗಲೆಲ್ಲ ಏನೋ ನೆಪ ಹೇಳಿದರು. ಮಾಸ್ತರರಿಗೆ ಈಚೆಗೆ ಜಂಬ ಬಂದಿದೆಯೆಂದು ಊರು ಆಡಿಕೊಂಡಿತು. ಜಂಬದ ಅಪವಾದವನ್ನು ಅವರು ಸಹಿಸಿಕೊಂಡರು, ನೋವೆಂದು ಹೇಳಲಿಲ್ಲ.

ಏಕೆ ಹೇಳಲಿಲ್ಲ? ಪ್ರತಿ ಭಾನುವಾರ ಬೆಂಗಳೂರಿನಿಂದ ಫೋನು ಬರುತ್ತಿತ್ತು. “ಅಪ್ಪಾ, ನೋವು ಹೇಗಿದೆ?” ಆ ರಾತ್ರಿ ಸ್ಟಿಯರಿಂಗು ಹಿಡಿದಿದ್ದ ಕೈ ಆ ಮಗನದು. ನೋವಿದೆಯೆಂದು ಒಮ್ಮೆ ಹೇಳಿದರೆ ಆ ಮಾತು ಹುಡುಗನ ಎದೆಯಲ್ಲಿ ಮುಳ್ಳಾಗಿ ಕೂರುವುದೆಂದು ತಂದೆಗೆ ಗೊತ್ತಿತ್ತು. “ಎಲ್ಲ ಗುಣವಾಯಿತು ಮಾರಾಯ” ಎಂದುಬಿಡುತ್ತಿದ್ದರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮಗನ ಬರವು ನಿಂತಾಗ ಸುಳ್ಳು ಹೇಳುವುದು ಇನ್ನೂ ಸುಲಭವಾಯಿತು. ನಡುರಾತ್ರಿ ಎದ್ದು ಚಾವಡಿಯಲ್ಲಿ ಶತಪಥ ತುಳಿಯುವುದನ್ನು ಕಂಡವರು ಹೆಂಡತಿಯೊಬ್ಬರೇ. ಅವರಿಗೂ ಬಾಯಿ ಬಿಡಬಾರದೆಂಬ ಆಣೆಯಾಗಿತ್ತು.

ಗುಟ್ಟನ್ನು ಕೊನೆಗೆ ಬಯಲು ಮಾಡಿದ್ದು ಮಳೆ. 2021ರ ಜುಲೈಯಲ್ಲಿ ಮಗ ಊರಿಗೆ ಬಂದಿದ್ದ. ತೋಟದಿಂದ ತೊಯ್ದು ಬಂದ ಮಾಸ್ತರರು ಕಾವಿ ನೆಲದ ಜಗಲಿಯನ್ನು ದಾಟಿ ಒಳಹೋದರು. ಹಿಂದೆ ಉಳಿದ ಒದ್ದೆ ಹೆಜ್ಜೆಗಳನ್ನು ಮಗ ನೋಡುತ್ತ ನಿಂತ. ಎಡಪಾದದ ಗುರುತಿನಲ್ಲಿ ನಡುವೆ ಒಂದು ಕಮಾನು; ಬಲಪಾದದ ಗುರುತು ಹಲಗೆಯೊತ್ತಿದಂತೆ ಪೂರ್ತಿ ಚಪ್ಪಟೆ.

ಮರುದಿನವೇ ಮಂಗಳೂರಿಗೆ ಕರೆದೊಯ್ದ. ಅಲ್ಲಿಯ ವೈದ್ಯರು ಮಲಗಿಸಿ ಅಲ್ಲ, ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಮೈಯ ಭಾರ ಬಿದ್ದಾಗ ಪಾದದ ನಡುವಿನ ಎರಡು ಎಲುಬುಗಳ ಮಧ್ಯೆ ಸಂದು ತೆರೆದುಕೊಂಡಿತು. ನೆಪೋಲಿಯನ್ನನ ಕಾಲದ ಫ್ರೆಂಚ್ ಶಸ್ತ್ರವೈದ್ಯ ಲಿಸ್‌ಫ್ರಾಂಕ್‌ನ ಹೆಸರನ್ನು ಹೊತ್ತ ಕೀಲು ಅದು. ಇಂಥ ಪೆಟ್ಟುಗಳಲ್ಲಿ ಐದರಲ್ಲೊಂದು ಮೊದಲ ನೋಟಕ್ಕೆ ಸಿಕ್ಕದೆ, ಬರಿಯ ಉಳುಕೆಂದು ದಾಟಿಹೋಗುತ್ತದಂತೆ. “ಅಪಘಾತದಲ್ಲಿ ಕಾಲನ್ನು ಹೇಗಿಟ್ಟಿದ್ದಿರಿ?” ಎಂದು ವೈದ್ಯರು ಕೇಳಿದರು. ಮಾಸ್ತರರು ಮಗನತ್ತ ನೋಡದೆ, “ಬ್ರೇಕು ಒತ್ತಿದ್ದೆ” ಎಂದರು.

ಮಗ ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೊದಲೇ ಹೇಳಬಾರದಿತ್ತೆ?” ಎಂದ. “ನಿನಗೆ ನೋವಾಗುತ್ತಿತ್ತು.” “ಆ ದಿನದಿಂದ ನಾನು ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿಲ್ಲ, ಅಪ್ಪ. ನೀವು ಇಲ್ಲ ಎಂದಾಗಲೆಲ್ಲ ಸುಳ್ಳೆಂದು ತಿಳಿಯುತ್ತಿತ್ತು.” ಒಬ್ಬರನ್ನೊಬ್ಬರು ಕಾಯಲು ಹೋಗಿ, ಒಂದೇ ನೋವನ್ನು ಇಬ್ಬರೂ ಬೇರೆಬೇರೆಯಾಗಿ ಉಂಡಿದ್ದರು.

ಕೀಲು ಅಷ್ಟರಲ್ಲಿ ಸವೆದಿತ್ತು. ಶಸ್ತ್ರಕ್ರಿಯೆ ಮಾಡಿ ಎಲುಬುಗಳನ್ನು ಬೆಸೆಯಬಹುದು ಎಂದರು ವೈದ್ಯರು. ಮಾಸ್ತರರು ಸದ್ಯಕ್ಕೆ ಗಡಸು ಅಟ್ಟೆಯ ಪಾದರಕ್ಷೆಯನ್ನು ಆರಿಸಿಕೊಂಡರು. ಕುತ್ತಿಗೆಗೂ ಬೆನ್ನಿಗೂ ದಿನಕ್ಕೆರಡು ಸಲ ವ್ಯಾಯಾಮ. ನೋವು ಹೋಗಿಲ್ಲ, ತಗ್ಗಿದೆ. ತಾಳಮದ್ದಲೆಗೆ ಈಗ ಕುರ್ಚಿಯ ಮೇಲೆ ಕೂರುತ್ತಾರೆ. ಕೃಷ್ಣನಿಗೆ ಕುರ್ಚಿಯೇ ಎಂದು ಯಾರೋ ನಕ್ಕಾಗ, “ಬೆನ್ನು ನೋಯುತ್ತದಪ್ಪ” ಎಂದು ಸಭೆಯಲ್ಲೇ ಹೇಳಿಬಿಟ್ಟರು. ಹೇಳಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮುಂದಿನ ಕೂಟಕ್ಕೆ ಇನ್ನಿಬ್ಬರು ಅರ್ಥಧಾರಿಗಳು ಕುರ್ಚಿ ಬೇಕೆಂದರು.

ಈಗಲೂ ಮಗನೊಡನೆ ಘಾಟಿ ಇಳಿಯುವಾಗ ಮಾಸ್ತರರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಮಗ ಅದನ್ನು ಓರೆಗಣ್ಣಿನಲ್ಲಿ ಕಂಡು, ಏನೂ ಹೇಳದೆ, ಕಾರಿನ ವೇಗವನ್ನು ತಗ್ಗಿಸುತ್ತಾನೆ.