ಚಿಕೋರಿ ಎಷ್ಟು ಹಾಕ್ಲಿ?

ಇಂಗ್ಲಿಷಿನ 'ಸ್ನಾಬ್' ಅನ್ನೋ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಬಹಳ ದಿನದಿಂದ ಹುಡುಕ್ತಾ ಇದೀನಿ. ಜಂಬದವನು ಅನ್ನಬಹುದು. ಆದರೆ ಜಂಬಕ್ಕೆ ಅಭಿರುಚಿಯೇ ಬೇಕಿಲ್ಲ, ಹೊಸ ಬೈಕಿದ್ರೂ ಸಾಕು. ಶೋಕಿ ಅಂದ್ರೆ ಇನ್ನೂ ದೂರ ಹೋಯ್ತು. ಧಿಮಾಕು ಅಂದ್ರೆ ಸ್ವಲ್ಪ ಹತ್ತಿರ ಬರುತ್ತೆ. ಪದ ಇಲ್ಲದಿದ್ರೇನಂತೆ, ಆಸಾಮಿ ಮಾತ್ರ ನಮ್ಮಲ್ಲಿ ಧಾರಾಳವಾಗಿದ್ದಾನೆ. ನಾಲ್ಕು ಜನ ಕೂತಲ್ಲಿ ಕಾಫಿ ವಿಷಯ ಎತ್ತಿ ನೋಡಿ, ಐದೇ ನಿಮಿಷದಲ್ಲಿ ಪ್ರತ್ಯಕ್ಷ ಆಗ್ತಾನೆ :)

ಈ ಪದದ ಕಥೆ ಮಜವಾಗಿದೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 'ಸ್ನಾಬ್' ಅಂದ್ರೆ ಚಪ್ಪಲಿ ಹೊಲಿಯುವವನು. ಆಮೇಲೆ ಕೇಂಬ್ರಿಜ್‌ನ ವಿದ್ಯಾರ್ಥಿಗಳು, ಕಾಲೇಜಿಗೆ ಸೇರದ ಊರಿನ ಜನರನ್ನೆಲ್ಲ ಹಾಗೆ ಕರೀತಿದ್ರು. 1846-47ರಲ್ಲಿ ಥ್ಯಾಕರೆ 'ಪಂಚ್' ಪತ್ರಿಕೆಯಲ್ಲಿ ಸ್ನಾಬ್‌ಗಳ ಬಗ್ಗೆ ಸಾಲಾಗಿ ಬರೆದ, 1848ರಲ್ಲಿ ಅದು ಪುಸ್ತಕವೂ ಆಯ್ತು. ಅವನ ಸ್ನಾಬ್ ಹೆಚ್ಚಾಗಿ ಮೇಲಿನವರ ಕಡೆ ಕತ್ತೆತ್ತಿ ಬಾಯಿ ಬಿಡುವವನು. ಈಗ ನಾವು ಸ್ನಾಬ್ ಅನ್ನೋದು ಕೆಳಗಿನವರ ಕಡೆ ನೋಡಿ ಮೂಗು ಮುರಿಯುವವನನ್ನ. ಅರ್ಥ ತಿರುಗಾಮುರುಗಾ ಆದ ಹಾಗೆ ಕಾಣುತ್ತೆ ಅಲ್ವಾ? ನನಗೇನೋ ಇಬ್ಬರೂ ಒಬ್ಬನೇ ಅನ್ಸುತ್ತೆ. ಮೇಲೆ ನೋಡ್ಲಿ, ಕೆಳಗೆ ನೋಡ್ಲಿ, ಅವನ ಕಣ್ಣು ಕೈಯಲ್ಲಿರೋ ಲೋಟದ ಮೇಲಂತೂ ಇಲ್ಲ!

ನನ್ನ ಜಾತಕ ಮೊದಲೇ ಹೇಳಿಬಿಡ್ತೀನಿ. ನನ್ನದು ಎಂಬತ್ತಕ್ಕೆ ಇಪ್ಪತ್ತು. ಅಂದ್ರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಡಿಕಾಕ್ಷನ್ ಗಟ್ಟಿ ಇರ್ಬೇಕು, ಸಕ್ಕರೆ ಕಮ್ಮಿ ಇರ್ಬೇಕು, ಸ್ಟೀಲ್ ಲೋಟವೇ ಆಗ್ಬೇಕು. ಕುಡಿದು ಹತ್ತು ನಿಮಿಷ ಆದ್ಮೇಲೂ ನಾಲಿಗೆಯ ಹಿಂಭಾಗದಲ್ಲಿ ಒಂಚೂರು ಕಹಿ ಉಳೀಬೇಕು.

ಇದನ್ನ ಹೊಸ ಕಾಲದ ಕಾಫಿಪ್ರಿಯರ ಮುಂದೆ ಹೇಳಿದ್ರೆ ಮುಖ ನೋಡ್ಬೇಕು ನೀವು! "ಚಿಕೋರಿನಾ? ಅದು ಕಲಬೆರಕೆ ಅಲ್ವಾ?" ಅಂತಾರೆ. ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡ್ತಾರೆ, ಅದರಲ್ಲಿ ಕೆಫೀನ್ ಇಲ್ಲ. ಕಾಫಿಪುಡಿಗಿಂತ ಹೆಚ್ಚು ನೀರಿನಲ್ಲಿ ಕರಗುತ್ತೆ, ಅದಕ್ಕೇ ಡಿಕಾಕ್ಷನ್‌ಗೆ ಆ ಬಣ್ಣ, ಆ ಮಂದ. ಅಗ್ಗ ಅನ್ನೋದೂ ನಿಜವೇ. ನಮ್ಮ ಆಹಾರ ಕಾಯ್ದೆ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎಷ್ಟಕ್ಕೆ ಎಷ್ಟು ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಬೇಕು. ಹೇಳಿ ಬೆರೆಸಿದ್ರೆ ಅದು ಪಾಕ, ಹೇಳದೆ ಬೆರೆಸಿದ್ರೆ ಕಲಬೆರಕೆ, ಅಷ್ಟೇ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗದೆ ಫ್ರೆಂಚರು ಈ ಬೇರಿಗೆ ಮೊರೆ ಹೋದ್ರು. ಫ್ರೆಂಚರ ನಂಟಿರುವ ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಇವತ್ತಿಗೂ ಚಿಕೋರಿ ಕಾಫಿ ಅಂದ್ರೆ ಊರಿನ ಹೆಮ್ಮೆ. ಅಲ್ಲಿ ಅದು ಪರಂಪರೆ, ನಮ್ಮನೆ ಫಿಲ್ಟರಿಗೆ ಬಿದ್ರೆ ಕಲಬೆರಕೆ. ಬೇರು ಮಾತ್ರ ಅದೇ!

ಹಾಗಂತ ಈ ಕಡೆಯವರೇನು ಕಮ್ಮಿ ಇಲ್ಲ. "ಇನ್ನೂರೈವತ್ತು ರೂಪಾಯಿ ಕೊಟ್ಟು ಕಹಿನೀರು ಕುಡೀತಾರೆ ಪೆದ್ದುಗಳು. ಕಾಫಿ ಅಂದ್ರೆ ನಮ್ಮ ಬೈ-ಟೂ ಕಾಫಿನೇ" ಅಂತ ತೊಡೆ ತಟ್ಟೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹಾಲು ಹಾಕದ ಕಾಫಿಯನ್ನ ಒಂದು ಗುಟುಕೂ ಕುಡಿಯದೆ ಹೇಳೋ ಮಾತು ಇದು. ಇದೂ ಧಿಮಾಕೇ, ಪಂಚೆ ಉಟ್ಕೊಂಡು ಬಂದಿದೆ ಅಷ್ಟೇ.

ಹೊಸಬರಿಂದ ಒಂದು ಒಳ್ಳೇದೂ ಆಗಿದೆ, ಅದನ್ನ ಹೇಳದಿದ್ರೆ ತಪ್ಪಾಗುತ್ತೆ. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರರು ತಮ್ಮ ಬೆಳೆಯನ್ನ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ತಮಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಪೂರ್ತಿ ಬಿಟ್ಟುಕೊಟ್ಟರು. ದೇಶದ ಕಾಫಿಯಲ್ಲಿ ಸುಮಾರು 70% ನಮ್ಮ ರಾಜ್ಯದ್ದೇ, ಆದರೂ ಅದು ಯಾವ ತೋಟದ್ದು ಅಂತ ಕುಡಿಯೋರು ಕೇಳಿದ್ದೇ ಇಲ್ಲ. ಈಗ ಪ್ಯಾಕೆಟ್ ಮೇಲೆ ತೋಟದ ಹೆಸರು ಬರ್ತಿದೆ. ನಾಲಿಗೆ ಚುರುಕಾಗಿರೋರು ಕೇಳಿದ್ದಕ್ಕೇ ಬಂತು. ಹಾಗಾಗಿ ರುಚಿಯಲ್ಲಿ ಹಟ ಇರೋದು ದೋಷ ಅಂತ ನಾನು ಒಪ್ಪಲ್ಲ.

ಹಾಗಾದ್ರೆ ದೋಷ ಎಲ್ಲಿದೆ?

ಕೊಪ್ಪದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಹಿತ್ತಲ ಗಿಡದ ಹಣ್ಣನ್ನೇ ಅಂಗಳದಲ್ಲಿ ಒಣಗಿಸಿ, ಸಿಪ್ಪೆ ತೆಗೆಸಿ, ಬಾಣಲೆಯಲ್ಲಿ ಕಪ್ಪಗೆ ಹುರೀತಾರೆ. ಕುದಿಯೋ ನೀರಿಗೆ ಬೆಲ್ಲ, ಪುಡಿ ಹಾಕಿ, ಬಟ್ಟೆಯಲ್ಲಿ ಸೋಸಿ, ಮೇಲೆ ಹಾಲು. ನಲವತ್ತು ವರ್ಷದಿಂದ ಹಾಗೇ. ಕೆಲವು ವರ್ಷದ ಹಿಂದೆ ಅವರ ಮಗನ ಜೊತೆ ಬೆಂಗಳೂರಿಂದ ಒಬ್ಬ ಸ್ನೇಹಿತ ಬಂದಿದ್ದ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಆಂಟಿ, ಬೀಜ ಪೂರ್ತಿ ಸುಟ್ಟು ಹೋಗಿದೆ. ಅಂಗಳದಲ್ಲಿ ಚಿನ್ನ ಇಟ್ಕೊಂಡು ಬೂದಿ ಕುಡೀತಿದೀರಲ್ಲ" ಅಂದ. ನಕ್ಕೊಂಡೇ ಅಂದ, ಪಾಪ. ಹುರಿದದ್ದು ಜಾಸ್ತಿ ಅನ್ನೋದು ಸುಳ್ಳೂ ಅಲ್ಲ. ದೊಡ್ಡಮ್ಮನೂ ನಕ್ಕರು.

ಆಮೇಲಿಂದ ಹೊರಗಿನವರು ಯಾರಾದ್ರೂ ಬಂದ್ರೆ ದೊಡ್ಡಮ್ಮ ಇನ್‌ಸ್ಟಂಟ್ ಕಾಫಿ ಮಾಡಿ ಕೊಡ್ತಾರೆ. ಅದಕ್ಕೇ ಅಂತ ಒಂದು ಬಾಟ್ಲಿ ತರಿಸಿಟ್ಟಿದಾರೆ. "ನಮ್ದು ನಮಗೆ ಸರಿ ಕಣೋ, ಬಂದೋರಿಗೆ ಆಗಲ್ಲ" ಅಂತಾರೆ. ನಾನು ಹೋದಾಗ ಬೆಲ್ಲದ ಕಾಫಿನೇ ಕೊಡ್ತಾರೆ. ಆದರೆ ಕೊಟ್ಟು, ಅಡಿಗೆಮನೆಗೆ ಹೋಗದೆ ಬಾಗಿಲಲ್ಲೇ ನಿಂತು ನನ್ನ ಮುಖ ನೋಡ್ತಾರೆ. ಮೊದಲು ಹಾಗೆ ನೋಡ್ತಿರಲಿಲ್ಲ.

ಆ ಹುಡುಗನ ನಾಲಿಗೆ ಏನನ್ನ ಗಳಿಸಿತ್ತೋ ನನಗೆ ಗೊತ್ತಿಲ್ಲ, ಅದರ ಬೆಲೆ ಮಾತ್ರ ದೊಡ್ಡಮ್ಮ ಕೊಟ್ಟರು. ತಮ್ಮ ರುಚಿಯ ಮೇಲೆ ಅವರಿಗಿದ್ದ ನಂಬಿಕೆ ಹೋಯ್ತು. ಕಾಫಿಗಾದ್ರೂ ಏನು ಲಾಭ ಆಯ್ತು? ಆ ಜಗಲಿಗೆ ಬರೋ ಅತಿಥಿಗೆ ಈಗ ಮೊದಲಿಗಿಂತ ಸಪ್ಪೆ ಕಾಫಿ ಸಿಗ್ತಿದೆ!

ನಮ್ಮ ಬಡಾವಣೆಯಲ್ಲಿ ಕಾಫಿಪುಡಿ ಅಂಗಡಿಯೊಂದಿದೆ. ಬೀಜ ಹುರಿದು ಎದುರಿಗೇ ಬೀಸಿ ಕೊಡ್ತಾರೆ. ಪೀಬೆರಿ, ಪ್ಲಾಂಟೇಷನ್-ಎ, ರೊಬಸ್ಟಾ ಎಲ್ಲ ಬೇರೆ ಬೇರೆ ಡಬ್ಬಿಯಲ್ಲಿ. ಅಂಗಡಿ ಯಜಮಾನರಿಗೆ ವಾಸನೆಯಲ್ಲೇ ಎಲ್ಲ ಗೊತ್ತಾಗುತ್ತೆ. ಹೊಸಬರು ಬಂದ್ರೆ ಅವರು ಕೇಳೋದು ಎರಡೇ ಪ್ರಶ್ನೆ. "ಹಾಲು ಹಾಕ್ತೀರಾ?", "ಚಿಕೋರಿ ಎಷ್ಟು ಹಾಕ್ಲಿ?" ಬೇಡ ಅಂದೋರಿಗೂ ಅದೇ ಮುಖ, ಅರ್ಧಕ್ಕರ್ಧ ಅಂದೋರಿಗೂ ಅದೇ ಮುಖ. ಒಮ್ಮೆ ಒಬ್ಬರು "ಯಾವುದು ಬೆಸ್ಟು ಸಾರ್?" ಅಂತ ಕೇಳಿದ್ರು. "ಮನೇಲಿ ಯಾರ್ಯಾರು ಕುಡೀತೀರಿ ಹೇಳಿ" ಅಂದ್ರು ಯಜಮಾನರು.

ಗೊತ್ತಿರೋದು ಅಂದ್ರೆ ಇದು ಅನ್ಸುತ್ತೆ ನನಗೆ. ತಿಳಿದೋರು ಪ್ರಶ್ನೆ ಕೇಳ್ತಾರೆ. ಧಿಮಾಕಿನವನು ಕೇಳಲ್ಲ, ತೀರ್ಪು ಕೊಡ್ತಾನೆ. ದೊಡ್ಡಮ್ಮನ ಮನೆಯಲ್ಲಿ ಆ ಹುಡುಗ "ಯಾಕೆ ಇಷ್ಟು ಹುರೀತೀರಿ?" ಅಂತ ಒಂದು ಮಾತು ಕೇಳಿದ್ದಿದ್ರೆ, ದೊಡ್ಡಮ್ಮ ಅರ್ಧ ಗಂಟೆ ಮಾತಾಡ್ತಿದ್ರು. ಎಳೇ ಹುರಿದ ಬೀಜ ಬೆಲ್ಲದ ಸಿಹಿಯಲ್ಲಿ ಕಾಣೆಯಾಗುತ್ತೆ ಅಂತ ಅವರೇ ನನಗೆ ಹೇಳಿಕೊಟ್ಟಿದ್ದು. ಬೇಕಿದ್ರೆ ಅವನೂ ಅವರಿಗೆ ಏನಾದ್ರೂ ಹೇಳಿಕೊಡಬಹುದಿತ್ತು.

ಸಾಹಿತ್ಯ, ಸಂಗೀತ, ಸಿನೆಮಾ ಎಲ್ಲದಕ್ಕೂ ಈ ಮಾತು ಹೊಂದುತ್ತೆ, ಆದರೆ ಅಲ್ಲಿಗೆ ಹೋದ್ರೆ ಜಗಳ ಜಾಸ್ತಿ :) ಸದ್ಯಕ್ಕೆ ಕಾಫಿಗೇ ನಿಲ್ಲಿಸ್ತೀನಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳೀತಾ ಇದೆ.

ಅಂದಹಾಗೆ, ನಿಮ್ಮನೇಲಿ ಎಷ್ಟಕ್ಕೆ ಎಷ್ಟು?