ತಾಳೆ ನೋಡುವ ಸುಖ

ಭಾನುವಾರದ ಕಾಫಿ ಆದ ಮೇಲೆ ನನಗೊಂದು ಪ್ರೀತಿಯ ಕೆಲಸವಿದೆ. ಅಜ್ಜಿಯ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿ, ಹಾಕಿದ್ದು ನೆಟ್ಟಗೆ ಕೂತಿದೆಯೇ ಎಂದು ತಾಳೆ ನೋಡುವುದು. ಹಸೆಹಾಡು, ಆರತಿ ಹಾಡು, ಬೀಸುವ ಪದ ಸೇರಿ ಒಟ್ಟು 43. ಎಲ್ಲ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡವು. ಹಾಡಿದ ಅಜ್ಜಿ ಈಗಿಲ್ಲ, ಟೇಪೂ ಸವೆದಿದೆ.

ಒಮ್ಮೆ ಕಾಪಿಯ ಪಟ್ಟಿ ತುಂಬಿದ್ದೇ ತಡ, ಪೆನ್‌ಡ್ರೈವ್ ಕಿತ್ತು ಚಿಕ್ಕಮ್ಮನಿಗೆ ಕೊಟ್ಟಿದ್ದೆ. ಹಸೆಗೆ ಕರೆಯುವ ಹಾಡು ಎರಡನೆಯ ನುಡಿಗೇ ನಿಂತಿತು. ಫೈಲಿನ ಹೆಸರು ಸರಿ, ಅಳತೆಯೂ ಸರಿ. "ಅಮ್ಮನ ದನಿ ಎಲ್ಲಿ ಹೋಯ್ತೋ?" ಎಂದರು ಚಿಕ್ಕಮ್ಮ. ಪರದೆಯ ಮೇಲೆ ಮುಗಿದಂತೆ ಕಂಡರೂ ಕಂಪ್ಯೂಟರು ಇನ್ನೂ ಬರೆಯುತ್ತಲೇ ಇತ್ತು.

ಹಿಂದೆ ಕಣದಲ್ಲಿ ರಾಶಿಯ ಮೇಲೆ ಮುದ್ರೆ ಒತ್ತುತ್ತಿದ್ದರು. ಒಂದು ಹಿಡಿ ಕಾಳು ತೆಗೆದರೂ ಮುದ್ರೆ ಕೆಟ್ಟು ಗೊತ್ತಾಗುತ್ತಿತ್ತು. ಎಸ್‌ಎಚ್‌ಎ-256 ಎಂಬ ಲೆಕ್ಕವೂ ಹಾಗೆಯೇ. ಸಿ.ಡಿ. ಗುಣಮಟ್ಟದ ನಾಲ್ಕು ನಿಮಿಷದ ಹಾಡಿನಲ್ಲಿ 33 ಕೋಟಿಗೂ ಹೆಚ್ಚು ಬಿಟ್‌ಗಳಿರುತ್ತವೆ. ಅಷ್ಟನ್ನೂ ಅರೆದು ಅದು 64 ಅಕ್ಷರದ ಒಂದು ಮುದ್ರೆ ಕೊಡುತ್ತದೆ. ಒಂದೇ ಒಂದು ಬಿಟ್ ಆಚೀಚೆಯಾದರೂ ಮುದ್ರೆ ಗುರುತು ಸಿಗದಷ್ಟು ಬದಲಾಗುತ್ತದೆ.

ಮೂಲ ಫೈಲುಗಳ ಮುದ್ರೆಗಳನ್ನು ಮೊದಲೇ ಒಂದು ಪಟ್ಟಿಯಲ್ಲಿ ಬರೆಸಿಟ್ಟುಕೊಳ್ಳುತ್ತೇನೆ. ಕಾಪಿ ಆದ ಮೇಲೆ ಪೆನ್‌ಡ್ರೈವನ್ನು ಎಜೆಕ್ಟ್ ಮಾಡಿ, ಹೊರತೆಗೆದು, ಮತ್ತೆ ಚುಚ್ಚುತ್ತೇನೆ. ಈ ಹೆಜ್ಜೆ ತಪ್ಪಬಾರದು. ಇಲ್ಲದಿದ್ದರೆ ಕಂಪ್ಯೂಟರು ಈಗಷ್ಟೇ ಬರೆದದ್ದನ್ನು ತನ್ನ ನೆನಪಿನಿಂದಲೇ, ಪುಸ್ತಕ ಮುಚ್ಚಿಟ್ಟು ಮಗ್ಗಿ ಹೇಳುವ ಮಗುವಿನಂತೆ, ಒಪ್ಪಿಸಿಬಿಡಬಹುದು. ನನಗೆ ಬೇಕಾದದ್ದು ಪುಸ್ತಕ ತೆರೆದು ಓದುವುದು.

ಆಮೇಲೆ ತಾಳೆ ಶುರು. ಪೆನ್‌ಡ್ರೈವಿನ ಪುಟ್ಟ ದೀಪ ಮಿಣುಕುತ್ತದೆ. ಒಂದೊಂದು ಹಾಡಿನ ಹೆಸರಿನ ಮುಂದೆ "ಓಕೆ" ಬೀಳುತ್ತದೆ. ಹಸೆಗೆ ಕರೆಯುವ ಹಾಡಿನ ಸರದಿ ಬಂದಾಗ ಉಸಿರು ಬಿಗಿಹಿಡಿಯುತ್ತೇನೆ. ಓಕೆ. ಅಜ್ಜಿಯೇ "ಇದ್ದೀನಿ ಮಗಾ" ಅಂದಂತಾಗುತ್ತದೆ.

ಮುದ್ರೆಗಳ ಪಟ್ಟಿಯನ್ನೂ ಹಾಡುಗಳ ಜೊತೆಗೇ ಇಟ್ಟು ಕೊಡುತ್ತೇನೆ. ಪೆನ್‌ಡ್ರೈವಿನಲ್ಲಿ ಹಾಡು ಕೂತಿರುವುದು ಸೂಕ್ಷ್ಮ ವಿದ್ಯುದಾವೇಶವಾಗಿ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದರೆ ಅದು ಮೆಲ್ಲಗೆ ಸೋರಿಹೋಗಬಹುದು. ಹಾಗಾಗಿ ಆಗಾಗ ತಾಳೆ ನೋಡಲೇಬೇಕು. ಕಳೆದ ಭಾನುವಾರ ಚಿಕ್ಕಮ್ಮನ ಮೊಮ್ಮಗಳು ಪಕ್ಕ ಕೂತು 43 ಓಕೆಗಳನ್ನೂ ಬೆರಳಿಟ್ಟು ಎಣಿಸಿದಳು. ಎಣಿಸಿ ಮುಗಿಸಿ, "ಈಗ ಹಾಕಿ, ಕೇಳೋಣ" ಅಂದಳು.